ಡೊಂಬಿವಲಿಯ ಜಲಜಾಕ್ಷಿ ವಾಪಸ್ ತಂದ ಬ್ಯಾಟರಿಗಳು

ಓಡುತ್ತಿರುವ ಕಾರು ತನ್ನ ಬ್ಯಾಟರಿಗೆ ತುಂಬುವುದು ಹನ್ನೆರಡು ವೋಲ್ಟ್ ಅಲ್ಲ, ಹದಿನಾಲ್ಕರ ಮೇಲೆ. ಕಾರು ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರಬೇಕಿತ್ತು. ಗೊತ್ತಿಲ್ಲ. ಸಾಲ ಮಾಡಿ ಕಾರು ತರುತ್ತೇವೆ, ಪೂಜೆ ಮಾಡಿಸಿ ಚಕ್ರದಡಿಗೆ ನಿಂಬೆಹಣ್ಣು ಇಡುತ್ತೇವೆ, ಹಿಂದಿನ ಗಾಜಿಗೆ ಮಕ್ಕಳ ಹೆಸರು ಅಂಟಿಸುತ್ತೇವೆ. ಆ ಮಕ್ಕಳ ಬೆನ್ನ ಹಿಂದೆಯೇ, ಡಿಕ್ಕಿಯೊಳಗೆ, ಏನು ಕೂತಿದೆ ಎಂದು ಮಾತ್ರ ಕೇಳುವುದಿಲ್ಲ.

ಮುಂಬಯಿ ಹತ್ತಿರದ ಡೊಂಬಿವಲಿಯ ಜಲಜಾಕ್ಷಿಗೆ ಈ ಹದಿನಾಲ್ಕು ಗೊತ್ತಿತ್ತು. ತಾನು ಕೈಯಾರೆ ಕಟ್ಟುತ್ತಿದ್ದ ಲಿಥಿಯಂ ಬ್ಯಾಟರಿಯ ಹೊಟ್ಟೆ ಹನ್ನೆರಡೂವರೆಗೆ ತುಂಬುತ್ತದೆ ಎನ್ನುವುದೂ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೆ. ನೋಡಿದ ದಿನ ಅವಳು ಏನು ಮಾಡಿದಳು ಎನ್ನುವುದೇ ಅವಳನ್ನು ಇಲ್ಲಿ ನಿಮ್ಮ ಮುಂದೆ ತರಲು ಕಾರಣ. ಇಲ್ಲದಿದ್ದರೆ ಅವಳೂ ಸಂಜೆಯ ಲೋಕಲ್ ರೈಲಿನಿಂದ ತರಕಾರಿ ಚೀಲ ಹಿಡಿದು ಇಳಿಯುವ ಸಾವಿರ ಹೆಂಗಸರಲ್ಲಿ ಒಬ್ಬಳು.

ಉಡುಪಿಯ ಶಿರ್ವದ ಕಡೆಯ ಹುಡುಗಿ. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಗಂಡ ಮೋಹನದಾಸ ಠಾಣೆಯ ನೌಪಾಡಾದಲ್ಲಿ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಒಂದೇ ಸಂಬಳದಲ್ಲಿ ಮನೆ ನಡೆಯುವುದಿಲ್ಲ ಎಂದು ಅವಳು ಠಾಣೆ-ಬೇಲಾಪುರ ರಸ್ತೆಯ ಒಂದು ಫ್ಯಾಕ್ಟರಿಗೆ ಸೇರಿದಳು. ರೇಡಿಯೋಕ್ಕೆ, ಟೇಪ್ ರೆಕಾರ್ಡರಿಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತುವ ಕೆಲಸ. ಉದ್ದನೆಯ ಮೇಜು, ಎರಡೂ ಬದಿಗೆ ಹೆಂಗಸರು, ಒಬ್ಬೊಬ್ಬರ ಎಡಗೈ ಹತ್ತಿರ ಒಂದು ಕೆಂಪು ಪ್ಲಾಸ್ಟಿಕ್ ಟ್ರೇ. ಸುತ್ತಿದ್ದರಲ್ಲಿ ಸಂಶಯ ಬಂದರೆ ಪೀಸನ್ನು ಆ ಟ್ರೇಗೆ ಹಾಕಬೇಕು. ಯಾಕೆ ಹಾಕಿದೆ ಎಂದು ಯಾರೂ ಬೈಯುವಂತಿಲ್ಲ. ಹಾಕದೆ ಮುಂದೆ ತಳ್ಳಿದರೆ ಮಾತ್ರ ಸೂಪರ್‌ವೈಸರ್ ಚಂದ್ರಬಾಯಿ ಮೈಮೇಲೆ ಏರಿ ಬರುತ್ತಿದ್ದಳು. ಒಮ್ಮೆ ಒಂದು ಲಾಟಿನ ತಂತಿಯೇ ಕೆಟ್ಟದ್ದೆಂದು ತಿಳಿದು, ಅಂಗಡಿಗಳಿಗೆ ಹೋಗಿದ್ದ ಮಾಲನ್ನೆಲ್ಲ ಟೆಂಪೋದಲ್ಲಿ ವಾಪಸ್ ತರಿಸಿ, ಮೇಜಿನ ಮೇಲೆ ಸುರಿದು, ಹೆಂಗಸರೆಲ್ಲ ಕೂತು ಒಂದೊಂದನ್ನೇ ಬಿಚ್ಚಿದ್ದರು. ಅವತ್ತು ಯಾರ ಮುಖದಲ್ಲೂ ನಾಚಿಕೆ ಇರಲಿಲ್ಲ. ಬಿಚ್ಚುತ್ತ ಹಾಡಿಕೊಂಡಿದ್ದರು ಕೂಡ.

ಮೋಹನದಾಸ ಕಲಿತ ಶಾಲೆ ಬೇರೆ. ಹೋಟೆಲಿನ ಗಲ್ಲಾದಲ್ಲಿ 'ಇಲ್ಲ' ಎನ್ನುವ ಮಾತು ನಾಲಗೆಗೆ ಬರಬಾರದು. ಇಡ್ಲಿ ಮುಗಿದಿದ್ದರೆ 'ಬಿಸಿ ಬಿಸಿ ಐದು ನಿಮಿಷದಲ್ಲಿ ಬರ್ತದೆ' ಎನ್ನಬೇಕು. ಮಸಾಲೆದೋಸೆಯಲ್ಲಿ ಬಟಾಟೆ ಬೇಡ, ಸಾಂಬಾರಿಗೆ ಸಕ್ಕರೆ ಬೇಕು, ಉಪ್ಪಿಟ್ಟಿನ ಮೇಲೆ ಸೇವು ಬೇಕು, ಗಿರಾಕಿ ಏನು ಹೇಳಿದರೂ ಒಂದೇ ಉತ್ತರ: 'ಆಗ್ತದೆ.' ಮಾವನ ಮಕ್ಕಳು ದೊಡ್ಡವರಾಗಿ ಗಲ್ಲಾದಲ್ಲಿ ತಾವೇ ಕೂತಾಗ ಮೋಹನದಾಸನ ಕೈಯಲ್ಲಿ ಉಳಿದದ್ದು ಈ 'ಆಗ್ತದೆ' ಒಂದೇ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ದಿನಕ್ಕೆ ಅವಳ ಫ್ಯಾಕ್ಟರಿಯ ಗೇಟಿಗೂ ಬೀಗ ಬಿತ್ತು. ಗಂಡ ಹೆಂಡತಿ ಸೇರಿ ಡೊಂಬಿವಲಿ ಪೂರ್ವದಲ್ಲಿ ಒಂದು ಗಾಳಾ, ಒಂದೇ ಕೋಣೆಯ ಮಳಿಗೆ, ಬಾಡಿಗೆಗೆ ಹಿಡಿದರು. ಶಟರ್ ಎತ್ತಿದರೆ ಅಂಗಡಿ, ಎಳೆದರೆ ಗೋದಾಮು. ಮೊದಲು ಕಾರಿನ ಸೀಟ್ ಕವರ್, ಆಮೇಲೆ ಕ್ಯಾಸೆಟ್ ಡೆಕ್, ಆಮೇಲೆ ಸಿ.ಡಿ. ಮುಂದೆ ಗಿರಾಕಿಯ ಹತ್ತಿರ ಮೋಹನದಾಸ, ಹಿಂದೆ ಬೆಸುಗೆಯ ಕಡ್ಡಿ ಹಿಡಿದು ಜಲಜಾಕ್ಷಿ. ಕಾರು ಫಿಟ್ಟಿಂಗಿಗೆ ಬಂದರೆ ಗಿರಾಕಿಗೆ ಮೊದಲು ಚಹಾ. ಆಡಿಯೋ ಅಂಗಡಿಯಲ್ಲಿ ಕೂತರೂ ಅವನೊಳಗಿನ ಹೋಟೆಲು ಮುಚ್ಚಿರಲಿಲ್ಲ.

ಆಮೇಲೆ ಬಂತು ನೋಡಿ, ಬೇಸ್‌ನ, ಅಂದರೆ ಎದೆ ಗುದ್ದುವ ಸದ್ದಿನ ಕಾಲ. ಹಾಡು ಕೇಳಿದರೆ ಸಾಲದು, ಪಕ್ಕದ ಕಾರಿನ ಗಾಜು ನಡುಗಬೇಕು. ದೊಡ್ಡ ಸ್ಪೀಕರು, ಅದಕ್ಕೆ ದೊಡ್ಡ ಆಂಪ್ಲಿಫೈಯರು. ಢಮ್ ಎಂದಾಗಲೆಲ್ಲ ಹೆಡ್‌ಲೈಟು ಮಂಕಾಗುವಷ್ಟು ಕರೆಂಟು ಎಳೆಯುವ ರಾಕ್ಷಸ. ಕಾರಿನ ಬ್ಯಾಟರಿ ಸೋತಿತು. ಇನ್ನೊಂದು ಬ್ಯಾಟರಿ ಇಡೋಣ ಎಂದರೆ ಸೀಸದ್ದು ಹೆಣಭಾರ. ಆಗ ಗಿರಾಕಿಗಳೇ ಮೊಬೈಲಿನಲ್ಲಿ ವಿಡಿಯೋ ತೋರಿಸಿ ಕೇಳತೊಡಗಿದರು: 'ಲಿಥಿಯಂ ಬ್ಯಾಂಕ್ ಮಾಡಿ ಕೊಡ್ತೀರಾ?'

'ಆಗ್ತದೆ' ಎಂದ ಮೋಹನದಾಸ.

ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಒಡೆದರೆ ಒಳಗೆ ಬೆರಳುದ್ದದ ಸೆಲ್ಲುಗಳು ಸಿಗುತ್ತವೆ. ಗುಜರಿಯವರು ಚೀಲಗಟ್ಟಲೆ ಕೊಡುತ್ತಿದ್ದರು. ಜಲಜಾಕ್ಷಿ ಅವುಗಳಲ್ಲಿ ಜೀವ ಇದ್ದದ್ದನ್ನು ಆರಿಸಿ, ನಿಕಲ್ ಪಟ್ಟಿ ಹಾಕಿ ಬೆಸೆದು, ಮೂರು ಸಾಲು ಮಾಡಿ, ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿ ಬಿಸಿಗಾಳಿ ಹೊಡೆದು ಬಿಗಿಮಾಡುತ್ತಿದ್ದಳು. ಈ ಪೆಟ್ಟಿಗೆಗೇ ಬ್ಯಾಂಕು ಎಂದು ಹೆಸರು. ಮೂರು ಸಾಲು ಸೇರಿದರೆ ಸುಮಾರು ಹನ್ನೆರಡು ವೋಲ್ಟ್. ಗಿರಾಕಿ ಕೇಳಿದ್ದೂ ಹನ್ನೆರಡು. ಮುಗಿಯಿತಲ್ಲ!

ಮೊದಮೊದಲು ಪ್ರತಿ ಬ್ಯಾಂಕಿನೊಳಗೂ ಒಂದು ಸಣ್ಣ ಬೋರ್ಡು ಇಡುತ್ತಿದ್ದಳು. ಅದರ ಕೆಲಸ ಒಂದೇ. ಊಟದ ಪಂಕ್ತಿಯಲ್ಲಿ ಬಡಿಸುವವನಿಗೆ ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಆ ಕೈ ಅದು. ಸೆಲ್ಲಿನ ಹೊಟ್ಟೆ ತುಂಬಿದ ಕೂಡಲೇ ಬೋರ್ಡು ಅಡ್ಡ ಬರುತ್ತದೆ, ಒಮ್ಮೆಲೇ ಹೆಚ್ಚು ಎಳೆದರೂ ಅಡ್ಡ ಬರುತ್ತದೆ. ಹಾಡು ಏರಿದಲ್ಲಿ ಸದ್ದು ಕಟ್ಟಾಗುತ್ತದೆ. ಗಿರಾಕಿಗೆ ಅದೇ ಆಗದ ವಿಷಯ. ಗಣಪತಿಯ ಸೀಸನ್ ಹತ್ತಿರ ಬಂದ ಹಾಗೆ ಒಬ್ಬೊಬ್ಬರೇ ಬಂದು ಮುಖ ಗಂಟಿಕ್ಕಿದರು. 'ಮೋಹನಣ್ಣ, ನಡುವಿನಲ್ಲೇ ಬಂದ್ ಆಗ್ತದೆ. ಬೋರ್ಡು ಗೀರ್ಡು ಬೇಡ. ಡೈರೆಕ್ಟ್ ಕೊಡಿ.'

ಮೋಹನದಾಸನ ಉತ್ತರ ನಿಮಗೆ ಈಗ ಗೊತ್ತು.

ಎಲೆಯ ಮೇಲಿನ ಕೈಯನ್ನು ತೆಗೆದರು. ಜಲಜಾಕ್ಷಿ ತನ್ನ ಕೈಯಿಂದಲೇ ತೆಗೆದಳು. ಮನಸ್ಸು ಒಪ್ಪಿರಲಿಲ್ಲ, ಆದರೆ ಒಪ್ಪದ ಮನಸ್ಸಿಗೆ ಕಾರಣ ಕೊಡಲು ಅವಳ ಹತ್ತಿರ ಮಾತಿರಲಿಲ್ಲ. ಸಂಶಯ ಬಂದದ್ದನ್ನು ಹಾಕಲು ಈ ಗಾಳಾದಲ್ಲಿ ಕೆಂಪು ಟ್ರೇಯೂ ಇರಲಿಲ್ಲ.

ಎರಡು ಸಾವಿರದ ಹದಿನೈದರ ಮಳೆಗಾಲದ ಕೊನೆಗೆ, ಗಣಪತಿಗೆ ಇನ್ನು ಕೆಲವು ವಾರ ಇದೆ ಎನ್ನುವಾಗ, ವಿಠ್ಠಲವಾಡಿಯ ಚೆನ್ನಯ ತನ್ನ ಟೂರಿಸ್ಟ್ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಪುಣೆಗೆ ಬಾಡಿಗೆ ಹೋಗಿ ಆಗಷ್ಟೇ ಬಂದಿದ್ದ.

'ಮೋಹನಣ್ಣ, ನಿಮ್ಮ ಬ್ಯಾಟರಿಗೆ ಸುಸ್ತಾಗಿದೆ ಮಾರಾಯ್ರೆ. ಮೊದಲು ಎದೆ ಗುದ್ದುತ್ತಿತ್ತು, ಈಗ ಬೆನ್ನು ಸವರಿದ ಹಾಗೆ ಆಗ್ತದೆ.'

'ನಿನಗೆ ವಯಸ್ಸಾಯ್ತು ಚೆನ್ನಯ, ಬ್ಯಾಟರಿಗಲ್ಲ,' ಎಂದು ಮೋಹನದಾಸ ಚಹಾಕ್ಕೆ ಹೇಳಿದ. 'ಮತ್ತೆ, ನಿನ್ನ ಕಾರಲ್ಲಿ ಯಾರಾದರೂ ಹೆಂಗಸರು ಉಗುರುಬಣ್ಣ ಚೆಲ್ಲಿದ್ದಾರಾ? ಎಂತ ವಾಸನೆ ಇದು?'

'ಅದೇ ನಾನೂ ಕೇಳುವುದು! ಲೋಣಾವಳ ಘಾಟಿಯಿಂದ ಈ ವಾಸನೆ. ಹಿಂದೆ ಕೂತ ಮುದುಕಿ ವಾಂತಿ ಮಾಡಿದರು.'

ಜಲಜಾಕ್ಷಿ ಡಿಕ್ಕಿ ತೆರೆದಳು. ಸಿಹಿ ಸಿಹಿಯಾದ, ಗಂಟಲು ಹಿಡಿಯುವ ವಾಸನೆ. ನೀಲಿ ಹೊದಿಕೆ ಒಂದು ಮೂಲೆಯಲ್ಲಿ ಸುಕ್ಕಾಗಿ ಕಂದಿತ್ತು. ಕೈ ಇಡಲು ಹೋಗಿ ಹಿಂದಕ್ಕೆ ಎಳೆದುಕೊಂಡಳು, ಅಷ್ಟು ಬಿಸಿ. ಚೆನ್ನಯನಿಗೆ ಇಂಜಿನ್ ಚಾಲೂ ಮಾಡಲು ಹೇಳಿ ಮೀಟರಿನ ಕಡ್ಡಿಗಳನ್ನು ತಾಗಿಸಿದಳು. ಹದಿನಾಲ್ಕರ ಮೇಲೆ.

ಅಂಗೈ ಮೇಲೆ ಬೆರಳಿನಿಂದ ಹದಿನಾಲ್ಕನ್ನು ಮೂರರಿಂದ ಭಾಗಿಸಿದಳು. ಸೆಲ್ ಒಂದಕ್ಕೆ ನಾಲ್ಕು ಪಾಯಿಂಟ್ ಎರಡು ದಾಟಬಾರದು ಎಂದು ಅವಳಿಗೆ ಕಂಠಪಾಠ. ಉತ್ತರ ಬಹಳ ದಾಟಿತ್ತು. ಇಂಜಿನ್ ತಿರುಗುತ್ತಿದ್ದಷ್ಟು ಹೊತ್ತೂ, ಪುಣೆಯ ದಾರಿಯುದ್ದಕ್ಕೂ, ಕಾರು ತುಂಬಿದ ಹೊಟ್ಟೆಗೆ ಬಡಿಸುತ್ತಲೇ ಇತ್ತು. ಸಾಕು ಎನ್ನುವ ಕೈ ಇರಲಿಲ್ಲ.

'ಬಂದ್ ಮಾಡು. ಇಂಜಿನ್ ಬಂದ್ ಮಾಡು ಚೆನ್ನಯ!'

ಬಿಚ್ಚಿ ನೋಡಿದಾಗ ಅರ್ಧದಷ್ಟು ಸೆಲ್ಲುಗಳು ಸತ್ತಿದ್ದವು. ಕೆಲವು ಸೆಲ್ಲಿನ ತಲೆಯೊಳಗೆ ಒತ್ತಡ ಹೆಚ್ಚಾದರೆ ತಂತಾನೆ ಕಡಿದುಕೊಳ್ಳುವ ಒಂದು ಏರ್ಪಾಡು ಇರುತ್ತದೆ. ಅವು ತಾವು ಸತ್ತು ಆ ಮುದುಕಿಯನ್ನು ಬೆಂಕಿಯಿಂದ ಉಳಿಸಿದ್ದವು. ಎಲ್ಲ ಸೆಲ್ಲುಗಳಲ್ಲೂ ಅದು ಇರುವುದಿಲ್ಲ. ಇದ್ದರೂ ಪ್ರತಿಸಲ ಕೆಲಸ ಮಾಡುತ್ತದೆ ಎಂದು ಹೇಳುವವರಿಲ್ಲ.

ಚೆನ್ನಯ ಹೋದ ಮೇಲೆ ಅವಳು ಶಟರನ್ನು ಅರ್ಧಕ್ಕೆ ಎಳೆದಳು.

'ಎಲ್ಲ ವಾಪಸ್ ತರಬೇಕು,' ಎಂದಳು.

'ಎಂತದ್ದು?'

'ಬೋರ್ಡು ಇಲ್ಲದೆ ಕೊಟ್ಟದ್ದು. ಒಂದೂ ಬಿಡದೆ.'

ಮೋಹನದಾಸ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. 'ನಿನಗೆ ತಲೆ ಸರಿ ಉಂಟಾ ಜಲಜ? ನಾವೇ ಹೋಗಿ ನಮ್ಮ ಮಾಲು ಕೆಟ್ಟದ್ದು ಅಂತ ಹೇಳುವುದಾ? ಹೋಟೆಲಿನವ ರಸ್ತೆಗೆ ಬಂದು ನನ್ನ ಸಾಂಬಾರು ಹಳಸಿದೆ ಅಂತ ಕೂಗಿದ ಹಾಗೆ!'

'ಹಳಸಿದ್ದನ್ನು ನಿಮ್ಮ ಮಾವ ಏನು ಮಾಡ್ತಿದ್ರು?'

'ಚೆಲ್ತಿದ್ರು.'

'ಬಡಿಸಿ ಆಗಿದ್ದರೆ?'

ಅವನು ಮೇಜಿನ ಮೇಲಿದ್ದ ಸತ್ತ ಸೆಲ್ಲೊಂದನ್ನು ಎತ್ತಿ ತಿರುಗಿಸಿ ನೋಡಿದ. ಆ ಮೇಲೆ ಬಹಳ ಸಣ್ಣ ದನಿಯಲ್ಲಿ, 'ಯಾರಿಗೆಲ್ಲ ಕೊಟ್ಟಿದ್ದೇವೆ ಅಂತ ನೆನಪು ಬೇಕಲ್ಲ. ಬಿಲ್ಲು ಎಲ್ಲಿ ಮಾಡಿದ್ದೇವೆ,' ಎಂದ.

ನೆನಪು ಅವನಲ್ಲೇ ಇತ್ತು. ಗಲ್ಲಾದಲ್ಲಿ ಬೆಳೆದವನು ಹೆಸರು ಮರೆಯಬಹುದು, ಆರ್ಡರ್ ಮರೆಯುವುದಿಲ್ಲ. ಅವಳು ಎದುರು ಕೂತು ಕೇಳಿದಳು, ಅವನು ಕಣ್ಣು ಮುಚ್ಚಿ ಹೇಳತೊಡಗಿದ. ಸಕ್ಕರೆ ಇಲ್ಲದ ಚಹಾ ಕೇಳಿದವನು ಕಲ್ಯಾಣದ ಖಡಕ್‌ಪಾಡಾದ ಡೆಂಟಿಸ್ಟ್. ಶುಂಠಿ ಜಾಸ್ತಿ ಹಾಕಿಸಿದವನು ಘೋಡಬಂದರ್ ರಸ್ತೆಯ ಬಿಲ್ಡರಿನ ಡ್ರೈವರ್. ಚಹಾ ಬೇಡ, ಲಿಂಬೂಪಾನಿ ಎಂದವನು ಐರೋಲಿಯ ಬ್ಯಾಂಕ್ ನೌಕರ. ಚಹಾವನ್ನು ಬಸಿ ತಟ್ಟೆಗೆ ಸುರಿದು ಸೊರ ಸೊರ ಕುಡಿದವನು ಗುಲಬರ್ಗಾ ಕಡೆಯ ಕಾಂಟ್ರಾಕ್ಟರ್ ಮಾಪಣ್ಣ. ಹೀಗೆ ಒಂದೊಂದು ಲೋಟದ ಹಿಂದೆ ಒಂದೊಂದು ಕಾರು ಬಂದು ನಿಂತಿತು. ಇಪ್ಪತ್ತರ ಹತ್ತಿರ ಕಾರುಗಳು.

ಮರುದಿನದಿಂದ ಅಂಗಡಿಯ ಕೆಲಸ ಅದೇ ಆಯಿತು. ಫೋನಿಗೆ ಬಂದವರು ಬಂದರು. ಬಾರದವರ ಮನೆಗೆ ಇವರು ಹೋದರು, ಲೋಕಲ್ಲಿನಲ್ಲಿ, ರಿಕ್ಷಾದಲ್ಲಿ, ಹೆಗಲಿಗೆ ಬಿಚ್ಚುವ ಹತ್ಯಾರಗಳ, ಪಾನಾ ಪಕ್ಕಡಿನ ಚೀಲ. ಹಣ ವಾಪಸ್ ಕೇಳಿದವರಿಗೆ ಹಣ, ಬೇರೆ ಬ್ಯಾಟರಿ ಕೇಳಿದವರಿಗೆ ಬ್ಯಾಟರಿ. ಡೆಂಟಿಸ್ಟ್ ಸುಮ್ಮನೆ ಡಿಕ್ಕಿ ತೆರೆದು ಕೊಟ್ಟು ಕೈ ಮುಗಿದ. ಐರೋಲಿಯವನು ಮಾತ್ರ ಬಿಲ್ಡಿಂಗಿನ ಜನರೆಲ್ಲ ಕೇಳುವಂತೆ ನಕ್ಕ: 'ವಹಿನಿ, ದೊಡ್ಡ ದೊಡ್ಡ ಕಂಪನಿಯವರು ಕಾರು ವಾಪಸ್ ಕರೆಸುತ್ತಾರೆ, ಪೇಪರಿನಲ್ಲಿ ಓದಿದ್ದೇನೆ. ನೀವು ಗಾಳಾದವರೂ ಶುರು ಮಾಡಿದಿರಾ?'

'ತಪ್ಪು ಮಾಡುವಾಗ ಗಾಳಾದವರು ಸಾಕಾಯ್ತಲ್ಲ ಸಾಹೇಬರೇ? ತಿದ್ದುವಾಗ ಮಾತ್ರ ದೊಡ್ಡ ಕಂಪನಿ ಬೇಕಾ?' ಎಂದಳು ತನ್ನ ಹರಕು ಮರಾಠಿಯಲ್ಲಿ. ಅವನು ಕೀಲಿಕೈ ಕೊಟ್ಟ.

ತಂದ ಬ್ಯಾಂಕುಗಳು ಹೊತ್ತಿಕೊಳ್ಳದಂತೆ ಅವುಗಳ ಕಸುವು, ಒಳಗೆ ತುಂಬಿದ ಕರೆಂಟು, ಇಳಿಸಬೇಕಿತ್ತು. ಗುಜರಿಯಿಂದ ಹಳೆಯ ಹೆಡ್‌ಲೈಟ್ ಬಲ್ಬುಗಳನ್ನು ತಂದು ಒಂದೊಂದಕ್ಕೂ ಜೋಡಿಸಿ ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಇಟ್ಟಳು. ಹಾಡುಹಗಲಲ್ಲಿ ಬಲ್ಬುಗಳು ಉರಿಯುತ್ತಿದ್ದವು. ಪಕ್ಕದ ಗಾಳಾದ ಟಯರಿನವನು, 'ಏನು ಮೋಹನಭಾವು, ಈ ಸಲ ದೀಪಾವಳಿ ಬೇಗ?' ಎಂದು ಕೆಣಕಿದ. ಸಂಜೆಯ ಹೊತ್ತಿಗೆ ಅವು ಕೆಂಪಗಾಗಿ, ಮಂಕಾಗಿ, ಆರುತ್ತಿದ್ದವು. ಒಂದು ಆರಿದಾಗಲೆಲ್ಲ ಜಲಜಾಕ್ಷಿ ಉಸಿರು ಬಿಡುತ್ತಿದ್ದಳು. ಮನೆಯಿಂದ ತಂದ ಕೆಂಪು ಪ್ಲಾಸ್ಟಿಕ್ ಬುಟ್ಟಿಯೊಂದು ಈಗ ಅವಳ ಎಡಗೈ ಹತ್ತಿರ ಬಂದು ಕೂತಿತ್ತು.

ಮಾಪಣ್ಣನ ಹತ್ತಿರ ಹೋದಾಗ ಅವನು ಹಣೆ ಚಚ್ಚಿಕೊಂಡ. 'ಅಯ್ಯ ಅಕ್ಕಾರ, ಆ ಗಾಡಿ ಮಾರಿಬಿಟ್ಟೀನ್ರಿ! ಕಲ್ಯಾಣದಾಗ ಒಬ್ಬ ಏಜೆಂಟಗ ಕೊಟ್ಟೆ. ಸೌಂಡ್ ಸಿಸ್ಟಂ ಸಮೇತ ಅಂದಿದ್ದಕ್ಕ ನಾಕು ಕಾಸು ಜಾಸ್ತಿ ಬಂತರಿ.' ಅವನೇ ಏಜೆಂಟನ ಹತ್ತಿರ ಕರೆದುಕೊಂಡು ಹೋದ. ಏಜೆಂಟ್ ಇನ್ನೊಬ್ಬ ಏಜೆಂಟನ ಕಡೆ ಬೆರಳು ತೋರಿಸಿದ. ಆ ಇನ್ನೊಬ್ಬ ಅಂಗಡಿ ಮುಚ್ಚಿ ಊರು ಬಿಟ್ಟಿದ್ದ. ದ್ರಾಕ್ಷಿ ಬಣ್ಣದ ಕಾರು, ಹಿಂದಿನ ಬಂಪರಿನಲ್ಲಿ ಒಂದು ಒಡಕು. ಅಷ್ಟೇ ಗುರುತು. ಅದನ್ನು ಅವಳು ಬಾಕಿ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಳು.

ಎದುರಿಗೆ ಕಾಣುವ ಹಾಗೆ ಉಳಿದದ್ದು ಒಂದೇ, ನೆರೂಳಿನ ಮಧ್ವರಾಜರ ಮನೆಯದ್ದು. ಮಧ್ವರಾಜರು ನವಿ ಮುಂಬಯಿಯಲ್ಲಿ ಎರಡು ಹೋಟೆಲು ಇಟ್ಟವರು, ಅಲ್ಲಿನ ಕನ್ನಡ ಸಂಘದ ಗಣಪತಿಗೆ ಅವರೇ ಯಜಮಾನರು. ಮಗ ಮನೀಶನ ದೊಡ್ಡ ಕಾರಿಗೆ ಮೋಹನದಾಸ ಹಾಕಿಕೊಟ್ಟದ್ದು ಹೆಂಡತಿ ಕಟ್ಟಿದವುಗಳಲ್ಲೇ ದೊಡ್ಡ ಬ್ಯಾಂಕು. ವಿಸರ್ಜನೆಯ ಮೆರವಣಿಗೆಯಲ್ಲಿ ಆ ಕಾರೇ ಮುಂದೆ. ಡಿಕ್ಕಿ ತೆರೆದಿಟ್ಟು ಹಾಡು, ಒಳಗೆ ಸಂಘದ ಮಕ್ಕಳು. ಫೋನಿನಲ್ಲಿ ಮನೀಶ ಎರಡು ಸಲ, 'ಆಂಟಿ, ಟೆನ್ಶನ್ ಮತ್ ಲೋ' ಎಂದು ಹಿಂದಿಯಲ್ಲಿ ಸಮಾಧಾನ ಹೇಳಿ ಇಟ್ಟುಬಿಟ್ಟಿದ್ದ. ಮೂರನೆಯ ಸಲ ಫೋನು ಎತ್ತಲಿಲ್ಲ. ವಿಸರ್ಜನೆ ನಾಳೆ ಎನ್ನುವ ದಿನ ಬೆಳಿಗ್ಗೆ ಗಂಡ ಹೆಂಡತಿ ನೆರೂಳಿಗೆ ಹೋದರು.

ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಕಾರಿಗೆ ಹೂವಿನ ಹಾರ ಕಟ್ಟುವುದು ನಡೆದಿತ್ತು. ಮಧ್ವರಾಜರು ರೇಷ್ಮೆ ಶಲ್ಯ ಹೊದ್ದು ನಿಂತಿದ್ದರು.

'ಓಹೋ, ಜಲಜಕ್ಕ! ಪ್ರಸಾದಕ್ಕೆ ಬಂದಿರಾ? ಬನ್ನಿ ಬನ್ನಿ.'

'ಬ್ಯಾಟರಿ ತೆಗೆದುಕೊಂಡು ಹೋಗಲಿಕ್ಕೆ ಬಂದದ್ದು,' ಎಂದಳು. ವಿಷಯ ಇದ್ದ ಹಾಗೆ ಹೇಳಿದಳು. ಹದಿನಾಲ್ಕು, ಹನ್ನೆರಡೂವರೆ, ತೆಗೆದ ಬೋರ್ಡು, ಚೆನ್ನಯನ ಕಾರಿನ ವಾಸನೆ.

ಮನೀಶ ಹಾರ ಕಟ್ಟುವುದನ್ನು ಬಿಟ್ಟು ಬಂದ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. 'ಸಮಝ್ ಗಯಾ,' ಎಂದ ತಂದೆಯ ಕಡೆ ತಿರುಗಿ. ಅರ್ಥವಾಯಿತು, ಇದು ಹೊಸ ಧಂದೆ. ಮೊದಲು ಮಾರುವುದು, ಆಮೇಲೆ ಹೆದರಿಸುವುದು, ಆಮೇಲೆ ಇನ್ನೊಂದು ಮಾರುವುದು, ಎಂದು ಬಿಡಿಸಿ ಹೇಳಿದ.

ಮೋಹನದಾಸನ ಮುಖ ಕಪ್ಪಾಯಿತು. ಜಲಜಾಕ್ಷಿ ನೇರ ಕಾರಿನ ಕಡೆ ನಡೆದಳು. ಕಾರಿನ ಹಿಂದಿನ ಬಾಗಿಲು ತೆರೆದಿತ್ತು. ಹತ್ತಿ, ಹಿಂದಿನ ಸೀಟಿನ ನಡುವಿನಲ್ಲಿ ಕೂತಳು. ಬೆನ್ನಿಗೆ ಸೀಟು, ಸೀಟಿನ ಹಿಂದೆ ಅವಳೇ ಕಟ್ಟಿದ ನೀಲಿ ಪೆಟ್ಟಿಗೆ. ಪಾನಾದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು.

'ಇದೆಂತ ನಾಟಕ ಜಲಜಕ್ಕ? ಇಳಿಯಿರಿ. ಜನ ನೋಡ್ತಾರೆ.'

'ನೋಡಲಿ. ಇಂಜಿನ್ ಚಾಲೂ ಮಾಡಲಿಕ್ಕೆ ಹೇಳಿ ಮನೀಶನಿಗೆ. ವಾಶಿಗೆ ಹೋಗಿ ಬರುವ. ನೀವೂ ಬನ್ನಿ, ಇಲ್ಲಿ ನನ್ನ ಪಕ್ಕದಲ್ಲಿ ಜಾಗ ಉಂಟು.'

'ನನಗೆ... ಮೊಣಕಾಲು ನೋವು. ಹಿಂದೆ ಕೂರಲಿಕ್ಕೆ ಆಗುವುದಿಲ್ಲ.'

ಅಷ್ಟು ಹೊತ್ತಿಗೆ ಲಿಫ್ಟಿನಿಂದ ಮಧ್ವರಾಜರ ಹೆಂಡತಿ ರಮಾಮಣಿ ಇಳಿದಿದ್ದರು. ಕೈ ಹಿಡಿದು ಮೊಮ್ಮಗಳು ತನ್ವಿ, ಮನೀಶನ ಮಗಳು. ಡ್ರಾಯಿಂಗ್ ಕ್ಲಾಸಿಗೆ ಹೊರಟ ಮಗು, ದಿನಾ ಕೂರುವ ಜಾಗದಲ್ಲಿ ಯಾರೋ ಅಜ್ಜಿ ಕೂತದ್ದನ್ನು ನೋಡಿ ನಿಂತಿತು. 'ವೋ ಮೇರಿ ಸೀಟ್ ಹೈ,' ಎಂದಿತು.

'ಗೊತ್ತು ಮಗಾ,' ಎಂದಳು ಜಲಜಾಕ್ಷಿ. 'ಅದಕ್ಕೇ ಕೂತದ್ದು.'

ಮಧ್ವರಾಜರು ದನಿ ತಗ್ಗಿಸಿ ಮೋಹನದಾಸನ ಹೆಗಲ ಮೇಲೆ ಕೈ ಹಾಕಿದರು. 'ಮೋಹನಾ, ನೀನು ಗಲ್ಲಾದಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದ ಕಾಲದಿಂದ ನಾನು ನಿನ್ನನ್ನು ಬಲ್ಲೆ. ನಿನ್ನ ಮಾವನಿಗೂ ನನಗೂ ಎಷ್ಟು ಸ್ನೇಹ ಇತ್ತು ಅಂತ ನಿನಗೆ ಗೊತ್ತು. ಈಗ ಕಡೇ ಹೊತ್ತಿಗೆ ಮೆರವಣಿಗೆಗೆ ಬೇರೆ ಎಲ್ಲಿಂದ ತರುವುದು? ನಾಳೆ ಒಂದು ದಿನ. ವಿಸರ್ಜನೆ ಆದ ಕೂಡಲೇ ನೀನೇ ಬಂದು ಬಿಚ್ಚಿಕೊಂಡು ಹೋಗು. ಒಂದು ದಿನಕ್ಕೆ ಆಗ್ತದಲ್ಲ?'

ಸೀಟಿನಲ್ಲಿ ಕೂತ ಜಲಜಾಕ್ಷಿಗೆ ಗಂಡನ ಬೆನ್ನು ಕಾಣುತ್ತಿತ್ತು. ಆ ಬೆನ್ನು ಬಾಗುವ ರೀತಿ ಅವಳಿಗೆ ಗೊತ್ತು. ಹಿರಿಯರು ಹೆಗಲ ಮೇಲೆ ಕೈ ಹಾಕಿದರೆ, ಮಾವನ ಹೆಸರು ಎತ್ತಿದರೆ, ಅದು ಬಾಗುತ್ತದೆ, ತಲೆ ಅಲ್ಲಾಡುತ್ತದೆ, ಆ ಮೇಲೆ ಮಾತು ಬರುತ್ತದೆ. ಕಟ್ಟಿಕೊಂಡ ದಿನದಿಂದ ಕೇಳಿದ ಮಾತು. ಅವಳು ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಅವನು ಹೂಂ ಎಂದರೂ ತಾನು ಇಳಿಯುವುದಿಲ್ಲ ಎಂದು ಅಷ್ಟರಲ್ಲೇ ನಿಶ್ಚಯಿಸಿಬಿಟ್ಟಳು. ಮೆರವಣಿಗೆಯಲ್ಲೂ ಇಲ್ಲೇ. ಹೊತ್ತಿಕೊಂಡರೆ ಮೊದಲು ತನಗೆ.

'ಇಲ್ಲ,' ಎಂದ ಮೋಹನದಾಸ.

ಮಧ್ವರಾಜರಿಗೆ ಕೇಳಿಸಿತೋ ಇಲ್ಲವೋ. 'ಆಂ?'

'ಇಲ್ಲ ಮಧ್ವರಾಜಣ್ಣ. ಒಂದು ದಿನಕ್ಕೂ ಇಲ್ಲ. ಒಂದು ಹಾಡಿಗೂ ಇಲ್ಲ.' ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಇಳಿಸಿದ. 'ಬೋರ್ಡು ತೆಗೆಯಿರಿ ಅಂತ ಮನೀಶ ಕೇಳಿದಾಗಲೇ ನಾನು ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ನಾನು ಗಿರಾಕಿಯ ಮುಖ ನೋಡಿದೆ, ಕಾರಿನೊಳಗೆ ಕೂರುವವರ ಮುಖ ನೋಡಲಿಲ್ಲ.'

ರಮಾಮಣಿ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಗಂಡನನ್ನು ನೋಡಿದರು. 'ನಿಮ್ಮ ಮೊಣಕಾಲು ನಿನ್ನೆ ಸಂಘದ ಮೆಟ್ಟಿಲು ಹತ್ತುವಾಗ ಚೆನ್ನಾಗಿತ್ತಲ್ಲ?' ಎಂದರು. ಮಗನ ಮುಂದೆ ಕೈ ಚಾಚಿದರು. 'ಕೀಲಿಕೈ ಕೊಡು.'

'ಅಮ್ಮಾ, ಯಾರ್...'

'ಯಾರ್ ಗೀರ್ ನಿನ್ನ ದೋಸ್ತರ ಹತ್ತಿರ. ಕೊಡು.'

ಡಿಕ್ಕಿ ತೆರೆದದ್ದು ರಮಾಮಣಿ. ಹಾರದ ಹೂವಿನ ವಾಸನೆಯ ನಡುವೆ ಆ ಸಿಹಿ ವಾಸನೆ ತೆಳುವಾಗಿ ಹೊರಗೆ ಬಂತು. ಜಲಜಾಕ್ಷಿ ಹೇಳಬೇಕಾಗಲಿಲ್ಲ. ಮನೀಶ ಮೂಗು ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಎಷ್ಟು ದಿನದಿಂದ ಈ ವಾಸನೆ ಎಂದು ಅವಳು ಕೇಳಿದಳು. ಹೊಸ ಸೀಟ್ ಕವರಿನದ್ದು ಅಂದುಕೊಂಡಿದ್ದೆ, ಎಂದ ಅವನು, ಕನ್ನಡದಲ್ಲಿ.

ಮರುದಿನ ಮೆರವಣಿಗೆಯಲ್ಲಿ ಭಜನೆಯವರ ತಾಳ, ಒಂದು ಡೋಲು. 'ಈ ಸಲ ರಂಗೇ ಇಲ್ಲ' ಎಂದು ಸಂಘದ ದೊಡ್ಡವರು ಗೊಣಗಿದರಂತೆ. ಮುಂದಿನ ವರ್ಷ ಗಣಪತಿಯ ಆಮಂತ್ರಣ ಮೋಹನದಾಸನ ಮನೆಗೆ ಬರಲಿಲ್ಲ. ನಮ್ಮ ಸಂಘಗಳು ಹೀಗೆ. ಶಾಲು ಹೊದಿಸಿ ಸನ್ಮಾನ ಮಾಡಲು ವರ್ಷಕ್ಕೆ ಹತ್ತು ಜನರನ್ನು ಹುಡುಕುತ್ತವೆ, ಮಕ್ಕಳ ಬೆನ್ನ ಹಿಂದಿನ ಬೆಂಕಿ ತೆಗೆದ ಹೆಂಗಸಿಗೆ ಒಂದು ಬಾಳೆಲೆ ಹಾಕಲು ಜಾಗ ಸಿಗುವುದಿಲ್ಲ. ಹಾಗೆ ಗೊಣಗಿದವರಲ್ಲಿ ಹೆಚ್ಚಿನವರು ಹೋಟೆಲಿನವರು. ಗ್ಯಾಸಿನ ಸಿಲಿಂಡರ್ ವಾಸನೆ ಬಂದರೆ ಅಡುಗೆಮನೆ ಖಾಲಿ ಮಾಡಿಸುವವರು. ಕಾರಿನ ವಾಸನೆಗೆ ಮಾತ್ರ ಅವರಿಗೆ ರಂಗು ಬೇಕಿತ್ತು.

ಮನೀಶ ಮತ್ತೆ ಅಂಗಡಿಗೆ ಬರಲಿಲ್ಲ. ಬೇರೆ ಎಲ್ಲೋ ಹೊಸ ಬ್ಯಾಂಕು ಹಾಕಿಸಿದ. ಆದರೆ ಆಗಾಗ ರಮಾಮಣಿ ಡ್ರೈವರನನ್ನು ಕರೆದುಕೊಂಡು ಅದೇ ಕಾರಿನಲ್ಲಿ ನೆರೂಳಿನಿಂದ ಡೊಂಬಿವಲಿಗೆ ಬರುತ್ತಾರೆ. ಮಗನಿಗೆ ಹೇಳುವುದಿಲ್ಲ. 'ಒಮ್ಮೆ ಡಿಕ್ಕಿ ನೋಡಿ ಜಲಜಾಕ್ಷಿ,' ಎನ್ನುತ್ತಾರೆ. ಜಲಜಾಕ್ಷಿ ಬೋರ್ಡು ನೋಡುತ್ತಾಳೆ, ಫ್ಯೂಸು ನೋಡುತ್ತಾಳೆ, ಇಂಜಿನ್ ಚಾಲೂ ಮಾಡಿಸಿ ಮೀಟರು ತಾಗಿಸುತ್ತಾಳೆ. ಮೋಹನದಾಸ ಚಹಾಕ್ಕೆ ಹೇಳುತ್ತಾನೆ.

ಅವರ ಅಂಗಡಿಯಲ್ಲಿ ಈಗಲೂ ಲಿಥಿಯಂ ಬ್ಯಾಂಕು ಸಿಗುತ್ತದೆ. ಹದಿನಾಲ್ಕೂವರೆಗೆ ಹೊಟ್ಟೆ ತುಂಬುವ ಬೇರೆ ಜಾತಿಯ ಸೆಲ್ಲು, ನಾಲ್ಕು ಸಾಲು, ಬೋರ್ಡು ಸಮೇತ, ಬ್ಯಾಟರಿಯಿಂದ ಹೊರಟ ತಂತಿಗೆ ಮೊದಲ ಮೊಳದಲ್ಲೇ ಫ್ಯೂಸು. ಬೋರ್ಡು ಬೇಡ ಎಂದು ಬಂದವನಿಗೆ ಮೋಹನದಾಸ ಹೇಳುವ ಒಂದು ಮಾತನ್ನು ಆ ಓಣಿಯ ಜನ ಈಗ ಅಣಕಿಸುತ್ತಾರೆ. ಚಹಾದ ಲೋಟ ಕೈಗೆ ಕೊಟ್ಟು, ನಗುತ್ತಲೇ, 'ಇಲ್ಲ' ಎನ್ನುತ್ತಾನೆ. ಗಿರಾಕಿ ಚಹಾ ಕುಡಿದು ಎರಡು ಗಾಳಾ ಆಚೆಗೆ ಹೋಗುತ್ತಾನೆ. ಅಲ್ಲಿ ಇನ್ನೊಬ್ಬ ಆಗ್ತದೆ ಎನ್ನುತ್ತಾನೆ. ಜಲಜಾಕ್ಷಿ ಅವನ ಹತ್ತಿರವೂ ಹೋಗಿ ಹೇಳಿ ಬಂದಿದ್ದಾಳೆ, ಒಂದಲ್ಲ ಹಲವು ಸಲ. ಅವನು ಅವಳನ್ನು ನೋಡಿದರೆ ಶಟರು ಎಳೆಯುತ್ತಾನೆ. ಅವಳು ಶಟರನ್ನು ತಟ್ಟುತ್ತಾಳೆ.

ಮಾಪಣ್ಣ ಮಾರಿದ ಕಾರು ಇನ್ನೂ ಸಿಕ್ಕಿಲ್ಲ. ಕಲ್ಯಾಣದ ಪತ್ರೀಪುಲದ ಟ್ರಾಫಿಕ್ಕಿನಲ್ಲಿ, ಠಾಣೆಯ ಶಾಪಿಂಗ್ ಮಾಲುಗಳ ಪಾರ್ಕಿಂಗಿನಲ್ಲಿ, ದ್ರಾಕ್ಷಿ ಬಣ್ಣ ಕಂಡರೆ ಅವಳು ರಿಕ್ಷಾದಿಂದ ಇಳಿದು ಬಂಪರು ನೋಡುತ್ತಾಳೆ. ಬೈಸಿಕೊಂಡಿದ್ದಾಳೆ. ಒಮ್ಮೆ ಕಳ್ಳಿ ಎಂದು ವಾಚ್‌ಮನ್ ಹಿಡಿದು ಕೂರಿಸಿದ್ದ. ಬ್ಯಾಂಕು ಈ ಹೊತ್ತಿಗೆ ತಾನಾಗಿ ಸತ್ತಿರಬಹುದು ಎಂದು ಗಂಡ ಹೇಳಿದರೆ, 'ಸತ್ತದ್ದನ್ನು ಕಣ್ಣಿಂದ ನೋಡಿದರೆ ನಂಬುತ್ತೇನೆ' ಎನ್ನುತ್ತಾಳೆ.

ಆ ಕಾರು ಯಾರದೋ ಮನೆಯ ಕೆಳಗೆ ನಿಂತಿದೆ. ನಿಮ್ಮದೇ ಇರಬಹುದು. ಬಣ್ಣ ಬದಲಿಸಿರಬಹುದು, ಬಂಪರು ಹೊಸದಿರಬಹುದು, ಸೆಕೆಂಡ್‌ಹ್ಯಾಂಡಿನಲ್ಲಿ ಸೌಂಡ್ ಸಿಸ್ಟಂ ಪುಕ್ಕಟೆ ಬಂತೆಂದು ನೀವು ಖುಷಿಪಟ್ಟಿರಬಹುದು. ಇದನ್ನು ಇಲ್ಲಿಗೇ ಬಿಟ್ಟು ಕೆಳಗೆ ಹೋಗಿ. ಡಿಕ್ಕಿ ತೆರೆದು ಸ್ಪೀಕರಿನ ಹಿಂದೆ ನೋಡಿ. ಸಿಹಿ ವಾಸನೆ ಬಂದರೆ ಮುಟ್ಟಬೇಡಿ, ಕಾರಿನಿಂದ ದೂರ ಹೋಗಿ ಬಲ್ಲವರನ್ನು ಕರೆಸಿ. ನೀಲಿ ಹೊದಿಕೆಯ ಪೆಟ್ಟಿಗೆ ಇದ್ದು, ಅದರೊಳಗೆ ಬೋರ್ಡು ಇದೆ ಎಂದು ನಿಮ್ಮ ಫಿಟ್ಟರು ಬಿಚ್ಚಿ ತೋರಿಸದಿದ್ದರೆ, ಅದನ್ನು ತೆಗೆಸುವ ತನಕ ಇಂಜಿನ್ ಚಾಲೂ ಮಾಡಬೇಡಿ, ಮಗುವನ್ನು ಆ ಸೀಟಿನಲ್ಲಿ ಕೂರಿಸಬೇಡಿ. ತೆಗೆಸಿದ್ದನ್ನು ಡೊಂಬಿವಲಿಗೆ ತಂದು ಅವಳ ಕೆಂಪು ಬುಟ್ಟಿಗೆ ಹಾಕಿ.